ಸಬ್ರ್ ಎಂಬ ಪದದ ಹಿಂದೆ ಅಮ್ಮಾನಿಗೆ

ಶಿರಾ

ನಾನು ಜೋರ್ಡನ್ ದೇಶಕ್ಕೆ ಹೋಗಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು, ಉಮ್ರಾ ಯಾತ್ರೆ ಮಾಡಿಕೊಂಡು ಬಂದಿರಾ ಟೀಚರ್ ಅಂತ. ಇಲ್ಲ. ಮಕ್ಕಾ ಅಲ್ಲಿಂದ ಬಹಳ ದೂರ. ನಾನು ಹೋದದ್ದು ಒಂದು ಪದದ ಅರ್ಥ ಕೇಳಿಕೊಂಡು ಬರುವುದಕ್ಕೆ.

ನನ್ನ ಹೆಸರು ನಸೀಮಾ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮನೆಯ ಮಾತು ಉರ್ದು, ಅನ್ನ ಕೊಟ್ಟ ಮಾತು ಕನ್ನಡ. ನಿವೃತ್ತಿಯಾದ ಮೇಲೆ, ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಕುರಾನಿನ ಮಾತುಗಳಿಗೆ ಅರ್ಥವಾದರೂ ತಿಳಿಯಲಿ ಎಂದು ಅರಬ್ಬಿ ಕಲಿಯಲು ಕೂತೆ. ಅಮ್ಮಾನ್ ನಗರದ ಒಬ್ಬ ನಿವೃತ್ತ ವ್ಯಾಕರಣದ ಮೇಡಂ ವಾರಕ್ಕೆರಡು ದಿನ ಫೋನಿನಲ್ಲೇ ನನಗೆ ಪಾಠ ಹೇಳುತ್ತಿದ್ದರು. ಅವರನ್ನು ಎಲ್ಲರೂ ಕರೆಯುವುದು ಉಮ್ಮು ಸಾಮಿ ಎಂದು, ಅಂದರೆ ಸಾಮಿಯ ತಾಯಿ. ನಮ್ಮ ಹಳ್ಳಿಗಳಲ್ಲಿ ‘ಸೀನನ ಅವ್ವ’ ಅನ್ನುವ ಹಾಗೆ.

ಪ್ರತಿ ಗುರುವಾರ ಮಧ್ಯಾಹ್ನ ನಮ್ಮ ಮನೆಯ ಹಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರುತ್ತಾರೆ. ಎಲ್ಲರೂ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದು ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗಾಗಿ ಸಣ್ಣ ಸಣ್ಣ ಅಧ್ಯಾಯಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಓದುತ್ತಿದ್ದೆ. ಅದನ್ನೊಂದು ಪುಸ್ತಿಕೆ ಮಾಡೋಣ ಎಂದು ಅವರೇ ಹಟ ಹಿಡಿದರು.

ಮೂರೇ ಸಾಲಿನ ಒಂದು ಅಧ್ಯಾಯವಿದೆ. ಮಕ್ಕಳಿಗೂ ಬರುತ್ತದೆ. ಮನುಷ್ಯ ನಷ್ಟದಲ್ಲಿದ್ದಾನೆ, ಕೆಲವರನ್ನು ಬಿಟ್ಟು, ಎಂದು ಹೇಳಿ, ಆ ಕೆಲವರು ಯಾರೆಂದು ತಿಳಿಸುತ್ತಾ ‘ಸಬ್ರ್’, ನಮ್ಮ ಉರ್ದುವಿನ ಬಾಯಲ್ಲಿ ಸಬರ್, ಎಂಬ ಪದದಲ್ಲಿ ಅದು ಮುಗಿಯುತ್ತದೆ. ನಾನು ‘ಸಹಿಸಿಕೊಳ್ಳುವುದು’ ಎಂದು ಬರೆದಿದ್ದೆ. ಓದಿ ತಲೆಯೆತ್ತಿದಾಗ ಎದುರಿಗೆ ತಬಸ್ಸುಮ್ ಕೂತಿದ್ದಳು. ಒಳ್ಳೆಯ ಟೈಲರ್. ಗೌಡಗೆರೆಗೆ ಮದುವೆ ಮಾಡಿಕೊಟ್ಟಿದ್ದರು. ಎಡಗೈ ಮಣಿಕಟ್ಟು ಮುರಿದು ಪಟ್ಟಿ ಹಾಕಿತ್ತು. ಮೆಟ್ಟಿಲ ಮೇಲಿಂದ ಬಿದ್ದೆ ಎಂದು ಹೇಳಿಕೊಂಡು ತವರಿಗೆ ಬಂದಿದ್ದಳು. ಗಂಡನ ಕೈವಾಡ ಎಂದು ಕೂತವರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಎರಡೂ ಕಡೆಯ ಹಿರಿಯರು ಸೇರಿ, ಸಬರ್ ಮಾಡಮ್ಮ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ವಾಪಸು ಕಳಿಸುವುದೆಂದು ತೀರ್ಮಾನಿಸಿದ್ದರು.

ತಬಸ್ಸುಮ್ ಮೆಲ್ಲಗೆ ಕೇಳಿದಳು: “ಟೀಚರ್, ಇದು ಅಲ್ಲಾಹು ಹೇಳಿದ್ದಾ, ನಮ್ಮತ್ತೆ ಹೇಳಿದ್ದಾ?”

ಕೇಳಿ ತಿಳಿದು ಹೇಳುತ್ತೇನೆ ಎಂದೆ. ಮಾರನೆಯ ದಿನ ಅವಳನ್ನು ಗೌಡಗೆರೆಗೆ ಕರೆದುಕೊಂಡು ಹೋದರು.

ಮಸೀದಿಯ ಗುರುಗಳಾದ ಹಜ್ರತ್ ಅವರನ್ನು ಹೋಗಿ ಕೇಳಿದೆ. ವಯಸ್ಸಾದವರು, ನನ್ನ ಮೇಲೆ ಗೌರವ ಇಟ್ಟಿದ್ದವರು. ಸಬರ್ ಅಂದರೆ ಸಬರ್, ಅದರಲ್ಲಿ ಬಿಡಿಸುವುದೇನಿದೆ ಎಂದರು. ಅವರದೂ ತಪ್ಪಲ್ಲ. ಉರ್ದುವಿಗೆ ಅನುವಾದ ಮಾಡುವವರು ಆ ಪದವನ್ನು ಹಾಗೆಯೇ ಎತ್ತಿಟ್ಟು ಮುಂದೆ ಹೋಗಬಹುದು. ಕನ್ನಡದಲ್ಲಿ ಬರೆಯುವವಳಿಗೆ ಆ ಅನುಕೂಲವಿಲ್ಲ, ಬಿಡಿಸಿ ಹೇಳಲೇಬೇಕು. ಉಮ್ಮು ಸಾಮಿಗೆ ಫೋನ್ ಮಾಡಿದೆ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ನನ್ನ ಪುಸ್ತಕಗಳೆಲ್ಲ ಇಲ್ಲಿವೆ, ಬರುವುದಾದರೆ ಬಾ ಎಂದರು. ಬಾಯಿಮಾತಿಗೆ ಅಂದಿದ್ದರೋ ಏನೋ. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಆ ಪದ ತಿಳಿಯುವ ತನಕ ಪುಸ್ತಿಕೆ ಅಚ್ಚಿಗೆ ಹೋಗಬಾರದೆಂದು ತೀರ್ಮಾನಿಸಿಬಿಟ್ಟಿದ್ದೆ.

ಒಬ್ಬಳೇ ಹೋಗುವುದು ಬೇಡ ಎಂದು ತಮ್ಮ ಕೂಗಾಡಿದ. ಆಗ ಸಿಕ್ಕವಳು ರಂಗಲಕ್ಷ್ಮಿ. ನಮ್ಮ ಸ್ಕೂಲಿನಲ್ಲೇ ವಿಜ್ಞಾನ ಕಲಿಸಿ ನಿವೃತ್ತಳಾಗಿ ದೊಡ್ಡೇರಿಯಲ್ಲಿದ್ದಾಳೆ. ಜೋರ್ಡನ್ ಎಂದ ಕೂಡಲೇ, ಮುಳುಗದೇ ತೇಲೋ ಸಮುದ್ರ ಇರೋದು ಅಲ್ಲೇ ಅಲ್ವಾ ಎಂದಳು. ಅಷ್ಟೂ ವರ್ಷ ಮಕ್ಕಳಿಗೆ ಸಾಂದ್ರತೆಯ ಪಾಠ ಮಾಡಿದ್ದಾಳೆ, ಆ ಸಮುದ್ರವನ್ನು ನೋಡಿಲ್ಲ. “ನೀನು ನಿನ್ ಪದ ಹುಡ್ಕು. ನಾನು ತೇಲ್ಬುಟ್ಟು ಬತ್ತೀನಿ ಕಣಮ್ಮ” ಎಂದು ಹೊರಟೇಬಿಟ್ಟಳು.

ಅಮ್ಮಾನ್, ಮೊದಲ ದಿನ

ಅಮ್ಮಾನ್ ಗುಡ್ಡಗಳ ಊರು. ಗುಡ್ಡದ ಮೇಲೆ ಗುಡ್ಡ, ಎಲ್ಲದರ ಮೈತುಂಬ ಕೆನೆಬಣ್ಣದ ಕಲ್ಲಿನ ಮನೆಗಳು. ಮಧುಗಿರಿ ಬೆಟ್ಟವನ್ನು ಒಡೆದು ಚೂರು ಮಾಡಿ, ಒಂದೊಂದು ಚೂರಿಗೂ ಕಿಟಕಿ ಇಟ್ಟ ಹಾಗೆ ಕಾಣುತ್ತದೆ ಎಂದಳು ರಂಗಲಕ್ಷ್ಮಿ.

ನಾಲ್ಕು ವರ್ಷ ಕಲಿತ ಅರಬ್ಬಿಯ ಧೈರ್ಯದಲ್ಲಿ ನಾನು ಟ್ಯಾಕ್ಸಿಯವನ ಜೊತೆ ಮಾತಿಗಿಳಿದೆ. ಎಲ್ಲಿಗೆ ಹೋಗಬೇಕು, ಎಷ್ಟು ದೂರ, ಎಲ್ಲವನ್ನೂ ವಿಭಕ್ತಿ ತಪ್ಪದೆ ಹೇಳಿದೆ. ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿ ನಗತೊಡಗಿದ. ತಮಾಷೆಗಲ್ಲ, ನಿಜವಾಗಿ ಖುಷಿಯಾಗಿ. ತನ್ನ ಹೆಂಡತಿಗೆ ಫೋನ್ ಹಚ್ಚಿ, ಇನ್ನೊಂದು ಸಲ ಹೇಳಿ ಎಂದು ನನ್ನಿಂದ ಹೇಳಿಸಿದ. ಆಮೇಲೆ ತಿಳಿಯಿತು, ನಾನು ಆಡುತ್ತಿದ್ದದ್ದು ಗ್ರಂಥದ ಅರಬ್ಬಿ. ಬೀದಿಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ನಮ್ಮ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೊರದೇಶದ ಹೆಂಗಸೊಬ್ಬಳು ಇಳಿದು, “ಪಾವಗಡಕ್ಕೆ ಪೋಪ ಬಸ್ಸು ಎತ್ತಲಿರ್ಪುದು?” ಎಂದು ಕೇಳಿದರೆ ನಾವು ಏನು ಮಾಡುತ್ತಿದ್ದೆವೋ ಅವನೂ ಅದನ್ನೇ ಮಾಡಿದ. ಆದರೆ ಉಮ್ಮು ಸಾಮಿಯ ಮನೆಯ ಬಾಗಿಲ ತನಕ ಬಿಟ್ಟು, ಗಂಟೆ ಒತ್ತಿ, ಅವರು ಹೊರಗೆ ಬಂದ ಮೇಲೆಯೇ ಹೋದ.

ಉಮ್ಮು ಸಾಮಿ ಫೋನಿನಲ್ಲಿ ಕಾಣುತ್ತಿದ್ದುದಕ್ಕಿಂತ ಗಿಡ್ಡ. ನನ್ನನ್ನು ಎರಡೂ ಕೆನ್ನೆಗೆ ಮುತ್ತಿಟ್ಟು ಸ್ವಾಗತಿಸಿದರು, ರಂಗಲಕ್ಷ್ಮಿಯ ಹಣೆಯ ಕುಂಕುಮವನ್ನು ನೋಡಿ ಅದೇನೆಂದು ಕೇಳಿದರು. ನಾನು ವಿವರಿಸಿದೆ. ಚೆನ್ನಾಗಿದೆ ಎಂದು ಅವಳಿಗೂ ಎರಡು ಮುತ್ತು ಕೊಟ್ಟರು. ದೊಡ್ಡೇರಿಯಿಂದ ಬಂದವಳು ತಬ್ಬಿಬ್ಬಾಗಿ ನಮಸ್ಕಾರ ಮಾಡಿದಳು.

ಪಾಠ ಇವತ್ತಿಲ್ಲ ಎಂದರು ಉಮ್ಮು ಸಾಮಿ. ಯಾಕೆಂದು ಕೇಳಿದರೆ, ಇವತ್ತು ನೀರು ಬರುವ ದಿನ. ಅಮ್ಮಾನಿನಲ್ಲಿ ವಾರಕ್ಕೊಂದು ದಿನ ನಲ್ಲಿಗೆ ನೀರು ಬಿಡುತ್ತಾರಂತೆ. ಅವತ್ತು ಇಡೀ ಬೀದಿಯ ಹೆಂಗಸರು ಟ್ಯಾಂಕು ತುಂಬಿಸುವುದು, ಬಟ್ಟೆ ಒಗೆಯುವುದು, ಮೆಟ್ಟಿಲು ತೊಳೆಯುವುದರಲ್ಲೇ ಇರುತ್ತಾರೆ. ಇದನ್ನು ಅನುವಾದಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ರಂಗಲಕ್ಷ್ಮಿ ಸೆರಗು ಸಿಕ್ಕಿಸಿ ಪೈಪು ಹಿಡಿದಿದ್ದಳು. ಅವತ್ತು ಸಂಜೆಯೊಳಗೆ ಮೂವರೂ ಸೇರಿ ಮಹಡಿಯ ಟ್ಯಾಂಕು, ಎರಡು ಡ್ರಮ್ಮು, ಎಂಟು ಬಕೆಟ್ಟು ತುಂಬಿಸಿದೆವು. ಸಾವಿರಾರು ಮೈಲಿ ಹಾರಿ ಬಂದು ಮೊದಲ ದಿನ ಮಾಡಿದ್ದು ಶಿರಾದಲ್ಲಿ ಮಾಡುವ ಕೆಲಸವನ್ನೇ.

ಪೇಟೆಯಲ್ಲಿ

ಎರಡನೆಯ ದಿನ ಬೆಳಿಗ್ಗೆ ಉಮ್ಮು ಸಾಮಿಗೆ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಇತ್ತು. ನಾವಿಬ್ಬರೂ ಹಳೆಯ ಪೇಟೆಗೆ ಇಳಿದೆವು. ಇಳಿದೆವು ಎಂದರೆ ನಿಜಕ್ಕೂ ಇಳಿದದ್ದೇ, ಇನ್ನೂರು ಮುನ್ನೂರು ಮೆಟ್ಟಿಲು. ಕೆಳಗೆ ಬೀದಿಯ ಮೂಲೆಯಲ್ಲಿ ಒಬ್ಬ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ. ಐಸಿನ ಮೇಲೆ ಹಳದಿ ಬಣ್ಣದ ಏನೋ ಇತ್ತು. ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಕೇಳಲು ಹತ್ತಿರ ಹೋದೆ. ಅವನು ನನ್ನನ್ನು ನೋಡಿ, “ಸಬರ್! ಸಬರ್!” ಎಂದ.

ಸ್ವಲ್ಪ ತಾಳು ಎನ್ನುತ್ತಿದ್ದಾನೆ ಎಂದುಕೊಂಡು ನಿಂತೆ. ಅವನು ಬೇರೆಯವರಿಗೆ ಕೊಡುತ್ತಿದ್ದ, ಮಧ್ಯೆ ಮಧ್ಯೆ ನನ್ನ ಕಡೆ ನೋಡಿ ಮತ್ತೆ ಸಬರ್ ಎನ್ನುತ್ತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಇನ್ನಷ್ಟು ಭಕ್ತಿಯಿಂದ ನಿಂತೆ. ಕಾಲು ಗಂಟೆಯಾಯಿತು. ಕೊನೆಗೆ ಗಾಡಿಯೊಳಗೆ ಇಣುಕಿ ನೋಡಿದವಳು ರಂಗಲಕ್ಷ್ಮಿ.

“ಅಯ್ಯೋ, ಇದು ನಮ್ ಪಾಪಾಸುಕಳ್ಳಿ ಹಣ್ಣು ಕಣಮ್ಮ. ಅವ್ನು ಅದ್ರ ಹೆಸ್ರು ಕೂಗ್ತಾವ್ನೆ. ನಿನ್ಗೆ ಕಾಯ್ಕೊಂಡಿರು ಅಂತ ಯಾರು ಹೇಳಿದ್ರು?”

ನಿಜವಾಗಿತ್ತು. ಆ ಕಡೆ ಪಾಪಾಸುಕಳ್ಳಿಯ ಹಣ್ಣಿಗೆ ಸಬರ್ ಎಂದೇ ಹೆಸರು. ನಮ್ಮಲ್ಲಿ ಬೇಲಿಯ ಮೇಲೆ ಬೆಳೆದು, ದನ ಕಾಯುವವರು ತಿಂದು ಬಾಯಿ ಕೆಂಪು ಮಾಡಿಕೊಳ್ಳುವ ಹಣ್ಣು ಅಲ್ಲಿ ಪೇಟೆಯಲ್ಲಿ ಐಸಿನ ಮೇಲೆ ಕೂತಿತ್ತು. ನಾನು ಆ ಪದವನ್ನು ಹುಡುಕಿಕೊಂಡು ಬಂದವಳಲ್ಲವೇ, ಉತ್ಸಾಹ ತಡೆಯಲಾಗದೆ ಸಿಪ್ಪೆ ಸುಲಿಯದ ಒಂದು ಹಣ್ಣನ್ನು ಬರಿಗೈಯಲ್ಲಿ ಎತ್ತಿದೆ. ಕೂದಲಿಗಿಂತ ಸಣ್ಣ ಮುಳ್ಳು, ಅಂಗೈ ತುಂಬ ನೆಟ್ಟವು. ಗಾಡಿಯವನು ಕೈಗವಸು ತೋರಿಸಿ ತಲೆ ಚಚ್ಚಿಕೊಂಡ. ಮತ್ತೆ ಮುನ್ನೂರು ಮೆಟ್ಟಿಲು ಹತ್ತಿ, ಬೆರಳು ಅಗಲಿಸಿಕೊಂಡು ಮನೆಗೆ ಬಂದೆ.

ಉಮ್ಮು ಸಾಮಿಯ ಅಡುಗೆಮನೆ

ಅವತ್ತು ಮಧ್ಯಾಹ್ನವೆಲ್ಲ ಉಮ್ಮು ಸಾಮಿ ನನ್ನ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಚಿಮುಟದಿಂದ ಮುಳ್ಳು ಕೀಳುತ್ತಿದ್ದರು. ಕೀಳುತ್ತಲೇ ತಮ್ಮ ತಾಯಿಯ ಊರಿನ ಮಾತು ತೆಗೆದರು. ಜೋರ್ಡನ್ ನದಿಯ ಆಚೆ ದಡದಲ್ಲಿತ್ತಂತೆ ಆ ಊರು. ಯುದ್ಧದಲ್ಲಿ ಎಲ್ಲರನ್ನೂ ಓಡಿಸಿದರು, ಆಮೇಲೆ ಮನೆಗಳನ್ನು ನೆಲಸಮ ಮಾಡಿದರು. ವರ್ಷಗಳು ಕಳೆದ ಮೇಲೆ ಒಂದು ಸಲ ತಾಯಿಗೆ ಅಲ್ಲಿಗೆ ಹೋಗಿ ಬರಲು ಅನುಮತಿ ಸಿಕ್ಕಿತು. ಗೋಡೆ ಇಲ್ಲ, ಬಾವಿ ಇಲ್ಲ. ಆದರೆ ಪಾಪಾಸುಕಳ್ಳಿಯ ಬೇಲಿ ಇತ್ತು. ಎಷ್ಟು ಸಲ ಕಡಿದರೂ ಬುಡದಿಂದ ಎದ್ದಿತ್ತು. ಆ ಬೇಲಿಯ ಮೂಲೆಗಳನ್ನು ಹಿಡಿದು, ಇಲ್ಲಿ ಅಡುಗೆಮನೆ, ಇಲ್ಲಿ ಮಲಗುವ ಕೋಣೆ ಎಂದು ತಾಯಿ, ಜೊತೆಗೆ ಹೋಗಿದ್ದ ಇವರಿಗೆ ತೋರಿಸಿದರಂತೆ.

ನನ್ನ ಕಣ್ಣು ತುಂಬಿತು. ಹಾಗಾದರೆ ಸಬ್ರ್ ಅಂದರೆ ಅದೇ, ಕಡಿದರೂ ಏಳುವುದು, ಹಾಗೆ ಬರೆಯುತ್ತೇನೆ ಎಂದೆ.

ಉಮ್ಮು ಸಾಮಿ ಚಿಮುಟ ಕೆಳಗಿಟ್ಟರು. ಅವರೊಳಗಿನ ಮೇಡಂ ಎಚ್ಚೆತ್ತಿದ್ದರು. ಪೇಟೆಯ ಹಣ್ಣಿನಿಂದ ಗ್ರಂಥದ ಪದಕ್ಕೆ ಅರ್ಥ ಕಟ್ಟುವುದು ಸೋಮಾರಿಗಳ ಕೆಲಸ ಎಂದರು. ನನ್ನ ತಾಯಿಯ ಕಥೆ ಕೇಳಿ ನೀನು ಅತ್ತದ್ದು ಸರಿ, ಆದರೆ ಅಳು ಪ್ರಮಾಣವಲ್ಲ, ನಾಳಿದ್ದು ಪುಸ್ತಕ ತೆಗೆಯೋಣ, ನಾಳೆ ನಿನ್ನ ಗೆಳತಿಗೆ ಸಮುದ್ರ ತೋರಿಸು ಎಂದು ಎದ್ದು ಚಹಾಕ್ಕೆ ನೀರಿಟ್ಟರು. ಶಾಲೆಯಲ್ಲಿ ನಾನು ಎಷ್ಟು ಮಕ್ಕಳಿಗೆ ಹೀಗೆ ಅಂದಿದ್ದೆನೋ. ಅವತ್ತು ನನಗೆ ಸರಿಯಾಗಿ ಸಿಕ್ಕಿತು.

ಉಪ್ಪಿನ ಸಮುದ್ರ

ರಂಗಲಕ್ಷ್ಮಿ ತೇಲಿದಳು. ಚೂಡಿದಾರ್ ಹಾಕಿಕೊಂಡು, ಮೊದಲು ಮೊಣಕಾಲ ತನಕ ಹೋಗಿ, ಹಿಂದಕ್ಕೆ ಒರಗಿದ್ದೇ ತಡ, ನೀರು ಅವಳನ್ನು ಎತ್ತಿ ಹಿಡಿಯಿತು. ಕಾಲು ಕೆಳಗಿಡಲು ನೋಡಿದರೆ ಮತ್ತೆ ಮೇಲಕ್ಕೆ. ಅರವತ್ತೆರಡರ ಹೆಂಗಸು ನೀರಿನ ಮೇಲೆ ಮಲಗಿಕೊಂಡು, ಇಷ್ಟು ಉಪ್ಪಿದ್ರೆ ಇಷ್ಟು ಸಾಂದ್ರತೆ ಎಂದು ನನಗೆ ಪಾಠ ಹೇಳಿದಳು. ಒಂದು ಹನಿ ಕಣ್ಣಿಗೆ ಸಿಡಿದಾಗ ಮಾತ್ರ ಪಾಠ ನಿಂತಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ತನ್ನ ಬಾಟಲಿಯ ಸಿಹಿನೀರಿನಲ್ಲಿ ಅವಳ ಕಣ್ಣು ತೊಳೆದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪದದ ಮಾತು ತೆಗೆದೆ. ತಾಳ್ಮೆ ಎಂದು ಬರೆಯಲೂ ಮನಸ್ಸಿಲ್ಲ ಎಂದೆ. ತಾಳು ಎಂದರೂ ಸಹಿಸು ಎಂದೇ ಅಲ್ಲವೇ.

ರಂಗಲಕ್ಷ್ಮಿ ಒಪ್ಪಲಿಲ್ಲ. “ಸೀರೆ ತಗೊಳ್ವಾಗ ಏನ್ ಕೇಳ್ತೀವಿ? ತಾಳಿಕೆ ಬತ್ತದಾ ಅಂತ. ಅಂಗಂದ್ರೆ ಏನು, ಒಗುದ್ರೂ ಹರಿಯಾಕಿಲ್ಲ ಅಂತ ತಾನೆ? ಹರ್ದು ಚಿಂದಿ ಆದ್ಮೇಲೂ ಉಟ್ಕೊಂಡಿರು ಅಂತಲ್ಲ.”

ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ. ಬಸ್ ಟಿಕೆಟಿನ ಹಿಂದೆ ಬರೆದುಕೊಂಡೆ.

ನಾಲ್ಕನೆಯ ದಿನ

ಊಟದ ಮೇಜಿನ ಮೇಲೆ ಹಳೆಯ ನಿಘಂಟುಗಳು, ವ್ಯಾಖ್ಯಾನಗಳು. ಉಮ್ಮು ಸಾಮಿ ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿದವರು ಮಧ್ಯಾಹ್ನದ ತನಕ ಏಳಲು ಬಿಡಲಿಲ್ಲ. ಸಬ್ರ್ ಎಂಬ ಮಾತಿನ ಬೇರಿನಲ್ಲಿ ಹಿಡಿದು ನಿಲ್ಲಿಸುವುದು, ಕಟ್ಟಿ ತಡೆಯುವುದು ಎಂಬ ಅರ್ಥವಿದೆ. ಓಡಿಹೋಗಬೇಕೆನ್ನುವ ಮನಸ್ಸನ್ನು ತಡೆದು ನಿಲ್ಲುವುದು ಸಬ್ರ್. ಒಳ್ಳೆಯದನ್ನು ಬಿಡದೆ ಮಾಡುವುದಕ್ಕೂ ಅದು ಬೇಕು, ಕೆಟ್ಟದ್ದರಿಂದ ಕೈ ಹಿಂದೆಗೆಯುವುದಕ್ಕೂ ಬೇಕು, ಕಷ್ಟ ಬಂದಾಗ ಮುರಿಯದಿರುವುದಕ್ಕೂ ಬೇಕು. ನಾವು ಮೂರರಲ್ಲಿ ಕೊನೆಯದನ್ನು ಮಾತ್ರ ಇಟ್ಟುಕೊಂಡಿದ್ದೆವು, ಅದನ್ನೂ ಹೆಂಗಸರಿಗೆ ಮಾತ್ರ.

ಸಹನೆ ಎಂಬುದನ್ನು ಪೂರ್ತಿ ಹೊಡೆದುಹಾಕಲೇ ಎಂದು ಕೇಳಿದೆ. ಬೇಡ ಎಂದರು. ನನ್ನ ಗಂಡ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಪದ ಎಂದು ನಾನೇ ಹೇಳಿದ್ದೆ. “ಸಾವು ಬಂದರೆ ಸಹಿಸುವುದೂ ಸಬ್ರ್. ಆದರೆ ಹೊಡೆಯುವ ಕೈಯನ್ನು ಸಾವಿನ ಪಕ್ಕದಲ್ಲಿ ಕೂರಿಸಬೇಡ. ಸಾವನ್ನು ನಾವು ತಡೆಯಲಾರೆವು” ಎಂದರು.

ಆಮೇಲೆ ಆ ಮೂರು ಸಾಲನ್ನು ಬರೆದು, ಪೆನ್ಸಿಲಿನಿಂದ ‘ಹೇಳಿಕೊಳ್ಳುವುದು’ ಎಂಬ ಕ್ರಿಯಾಪದದ ಕೆಳಗೆ ಗೆರೆ ಎಳೆದರು. ನಾನು ನಾಮಪದದ ಹಿಂದೆ ಬಿದ್ದು ಕ್ರಿಯಾಪದವನ್ನು ನೋಡಿಯೇ ಇರಲಿಲ್ಲ. ಅದು ಒಬ್ಬರಿಗೊಬ್ಬರು ಮಾಡುವ ಕೆಲಸದ ರೂಪ. ಒಬ್ಬ ಹೇಳಿ ಇನ್ನೊಬ್ಬ ತಲೆಬಗ್ಗಿಸಿ ಕೇಳಿದರೆ ಆ ರೂಪ ಬರುವುದಿಲ್ಲ. ಹೇಳಿದವನೂ ಹೇಳಿಸಿಕೊಳ್ಳಬೇಕು. ಮತ್ತೆ, ಆ ಸಾಲಿನಲ್ಲಿ ಸಬ್ರ್ ಬರುವುದು ಎರಡನೆಯದಾಗಿ. ಅದಕ್ಕೂ ಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದದ್ದು ಹಕ್, ಎಂದರೆ ಸತ್ಯ, ನ್ಯಾಯ. ಅದನ್ನು ಹಾರಿಸಿ ಇದಕ್ಕೆ ಬರುವಂತಿಲ್ಲ.

ನಾನು ಬರೆದೆ: ‘ಸತ್ಯವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವವರು, ಜಗ್ಗದೆ ನಿಲ್ಲೋಣವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವವರು.’ ಅರಬ್ಬಿಗೆ ತಿರುಗಿಸಿ ಉಮ್ಮು ಸಾಮಿಗೆ ಹೇಳಿದೆ. ಜಗ್ಗುವುದು ಎಂದರೇನು ಎಂದು ಕೇಳಿದರು. ರಂಗಲಕ್ಷ್ಮಿ ಎದ್ದು ನಿಂತು, ನನ್ನ ಕೈಯಿಂದ ತನ್ನನ್ನು ಎಳೆಸಿಕೊಂಡು, ಅಲುಗಾಡದೆ ನಿಂತು ತೋರಿಸಿದಳು. ಉಮ್ಮು ಸಾಮಿ ತಾವೂ ಎದ್ದು ಬಂದು ಎಳೆದು ನೋಡಿದರು. ಆಮೇಲೆ ಬರೆದುಕೋ ಎಂದರು.

ಮರಳಿ ಶಿರಾ

ಊರಿಗೆ ಬಂದ ಮೂರನೆಯ ದಿನ ಸುದ್ದಿ ಬಂತು. ತಬಸ್ಸುಮ್ ಮತ್ತೆ ತವರಿಗೆ ಬಂದಿದ್ದಾಳೆ, ಅದೇ ಕೈ, ಅದೇ ಜಾಗದಲ್ಲಿ ಮತ್ತೆ ಮುರಿದಿದೆ. ಭಾನುವಾರ ಬೆಳಿಗ್ಗೆ ಹಿರಿಯರು ಮತ್ತೆ ಕೂರುತ್ತಾರೆ. ನನ್ನನ್ನು ಯಾರೂ ಕರೆದಿರಲಿಲ್ಲ. ಮೊದಲು ಹಜ್ರತ್ ಅವರ ಬಳಿಗೆ ಹೋಗಿ ನನ್ನ ನೋಟ್‌ಬುಕ್ಕು ಮುಂದಿಟ್ಟೆ. ಬಹಳ ಹೊತ್ತು ಓದಿದರು. ವ್ಯಾಕರಣ ಸರಿಯಿದೆ ಎಂದರು. ಪುಸ್ತಿಕೆಯಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ತಾಳ್ಮೆ ಎಂಬುದೂ ಇರಲಿ ಎಂದರು. ಒಪ್ಪಿದೆ. ಹಾಗಾದರೆ ಭಾನುವಾರ ನಾನೂ ಬರಲೇ ಎಂದು ಕೇಳಿದೆ. ಬೇಡ ಎನ್ನಲಿಲ್ಲ.

ತಬಸ್ಸುಮಳ ತವರಿನಲ್ಲಿ ಗಂಡಸರು ಹಾಲಿನಲ್ಲಿ ಕೂತಿದ್ದರು, ಹೆಂಗಸರು ಒಳಗಿನ ಬಾಗಿಲಲ್ಲಿ. ರಂಗಲಕ್ಷ್ಮಿ ದೊಡ್ಡೇರಿಯಿಂದ ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕ ಕೂತಿದ್ದಳು. ಮಾತೆಲ್ಲ ಉರ್ದುವಿನಲ್ಲಿ ನಡೆಯಿತು. ಗಂಡನ ಕಡೆಯ ಹಿರಿಯರೊಬ್ಬರು, ಮನೆ ಎಂದರೆ ಇದೆಲ್ಲ ಇರುತ್ತದೆ, ಹೆಣ್ಣುಮಗಳು ಸಬರ್ ಮಾಡಬೇಕು ಎಂದರು. ನಾನು ಎದ್ದು ನಿಂತೆ. ಆ ಮೂರು ಸಾಲು ಅರಬ್ಬಿಯಲ್ಲಿ ಓದಿ, ಅರ್ಥ ಹೇಳಿದೆ. ಇದರಲ್ಲಿ ಸತ್ಯ ಮೊದಲು ಬರುತ್ತದೆ, ಆದ್ದರಿಂದ ಈ ಕೈ ಹೇಗೆ ಮುರಿಯಿತು ಎಂಬುದನ್ನು ಮೊದಲು ಯಾರಾದರೂ ಹೇಳಲಿ, ಸಬ್ರಿನ ಮಾತು ಆಮೇಲೆ ಎಲ್ಲರೂ ಸೇರಿ ಆಡೋಣ ಎಂದೆ. ಹಿರಿಯರು ಹಜ್ರತ್ ಅವರ ಮುಖ ನೋಡಿದರು. ಅವರು, “ಟೀಚರ್ ಓದಿದ್ದು ಸರಿಯಾಗಿದೆ” ಎಂದಷ್ಟೇ ಹೇಳಿದರು.

ಗಂಡ ನೆಲ ನೋಡುತ್ತಿದ್ದ. ಮೆಟ್ಟಿಲು ಎಂದು ಯಾರೋ ಶುರುಮಾಡಿದರು. ಆಗ ಬಾಗಿಲ ಹತ್ತಿರದಿಂದ ತಬಸ್ಸುಮಳ ಅತ್ತೆ ಹೇಳಿದರು:

“ಮೆಟ್ಟಿಲಲ್ಲ. ಎರಡು ಸಲವೂ ನನ್ನ ಮಗನೇ. ನಾನು ಅಲ್ಲೇ ನಿಂತಿದ್ದೆ.”

ಅವತ್ತು ತಬಸ್ಸುಮ್ ಗೌಡಗೆರೆಗೆ ಹೋಗಲಿಲ್ಲ. ಹೊಲಿಗೆ ಯಂತ್ರವನ್ನು ತರಲು ರಂಗಲಕ್ಷ್ಮಿ ಮತ್ತು ತಬಸ್ಸುಮಳ ಅಣ್ಣ ಆಟೋದಲ್ಲಿ ಹೋದರು. ಗಂಡನ ಮೇಲೆ ದೂರು ದಾಖಲಾಗಿದೆ. ಕೋರ್ಟಿನಲ್ಲಿ ನಡೆಯುತ್ತಿದೆ, ಬೇಗ ಮುಗಿಯುವಂಥದ್ದಲ್ಲ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಆದರೂ ಬ್ಲೌಸು ಹೊಲಿಯುತ್ತಾಳೆ. ಪುಸ್ತಿಕೆ ಅಚ್ಚಾಯಿತು. ಒಂದು ಪ್ರತಿ ಅಮ್ಮಾನಿಗೆ ಹೋಯಿತು.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ತಬಸ್ಸುಮಳೂ ಸೇರಿ ನಾವು ಓದುತ್ತಿದ್ದಾಗ ಅವಳ ಅತ್ತೆ ಬಂದು ಹೊಸ್ತಿಲ ಹೊರಗೆ ನಿಂತರು. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಒಳಗೆ ಬನ್ನಿ ಎಂದೆ. ಬಂದು ಬಾಗಿಲ ಪಕ್ಕದಲ್ಲೇ ಕುಳಿತರು. ಆ ಮೂರು ಸಾಲನ್ನು ಇನ್ನೊಂದು ಸಲ ಓದಿ ಎಂದು ಕೇಳಿದರು. ಓದಿದೆ. ಸೆರಗಿನ ಅಂಚು ಮಡಚುತ್ತಾ, ಯಾರನ್ನೂ ನೋಡದೆ ಹೇಳಿದರು:

“ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳ್ತಾ ಬಂದೆ.”

ತಬಸ್ಸುಮ್ ಪುಸ್ತಿಕೆ ಮಡಿಚಿ ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದು, ಚಾಪೆಯಲ್ಲಿ ಜಾಗ ಮಾಡಿದಳು.